ಹೆಣವಿಲ್ಲದ ಮುಖ

ಕೊಯ್ಲಿನ ಕಾಲ. ಇಬ್ಬನಿ ಆರುವ ಮೊದಲೇ ಹೆಂಗಸರು ಗದ್ದೆಗಿಳಿದಿದ್ದರು. ಅಂಗೈಯೊಳಗೆ ಅಡಗುವ ಪುಟ್ಟ ಅಲಗಿನಿಂದ ಒಂದೊಂದೇ ತೆನೆ ಕೊಯ್ದು, ಹಿಡಿ ತುಂಬಿದಾಗ ಕಟ್ಟು ಕಟ್ಟಿ, ಬದುವಿನ ಮೇಲೆ ಬಿಸಿಲಿಗೆ ನಿಲ್ಲಿಸುತ್ತಿದ್ದರು. ಕೆಳಗಿನ ಕೆಸರಿನಲ್ಲಿ ಕೋಣಗಳು ಮೂಗಿನವರೆಗೆ ಮುಳುಗಿ ಬಿದ್ದಿದ್ದವು. ಗದ್ದೆಗಳಾಚೆ ಬಂಡೆಯ ಗೋಡೆ. ಅದರ ನಡುಮಟ್ಟದಲ್ಲಿ ಕೊರೆದ ಜಗಲಿಯ ಮೇಲೆ ಊರಿನ ಸತ್ತವರು ಸಾಲಾಗಿ ನಿಂತು ಕೊಯ್ಲು ನೋಡುತ್ತಿದ್ದರು. ಹಲಸಿನ ಮರದ ಮೈ, ಮಾಸಿದ ಬಟ್ಟೆ, ಎಲುಬಿನ ಬಿಳಿ ಕಣ್ಣು, ಬೇಡಲು ಒಂದು ಕೈ, ಹರಸಲು ಇನ್ನೊಂದು. ನಾವು ಅವರನ್ನು ತೌತೌ ಎನ್ನುತ್ತೇವೆ.

"ಸತ್ತವರಿಲ್ಲದೆ ಮುಖ ಕೆತ್ತಬಾರದು, ಪಾಕ್," ಎಂದ ತೌತೌ ಕೆತ್ತುವ ಪೊಂಗ್ ಪಲಿಂಗಿ. ಭತ್ತದ ಕಣಜದ ಕೆಳಗಿನ ಕಟ್ಟೆಯ ಮೇಲೆ ಕೂತು ಬಾಚಿ ಮಸೆಯುತ್ತಿದ್ದವನು ಕಣ್ಣೆತ್ತಲಿಲ್ಲ. "ಮುಖ ಸುಮ್ಮನಿರಲ್ಲ. ನನ್ನ ಹೆಣ ಎಲ್ಲಿ ಅಂತ ಹುಡುಕ್ಕೊಂಡು ಹೊರಡುತ್ತೆ."

ಎದುರು ಕೂತಿದ್ದ ವೆನಾಸ್ ನಕ್ಕ. ಮಕಾಸ್ಸರಿನ ಪುರಾತತ್ವ ರಕ್ಷಣೆಯ ಕಚೇರಿಯವನು, ಹುಟ್ಟಿದ್ದು ಮನಾಡೊ ಕಡೆ. ಸಾಹೇಬನಾದ್ದರಿಂದ ಊರಿಗೆಲ್ಲ ಅವನು ಪಾಕ್. ನಮ್ಮ ಬೆಟ್ಟಕ್ಕೆ ಬಂದು ಒಂದು ಅಮಾವಾಸ್ಯೆ ಕಳೆದಿತ್ತಷ್ಟೇ. "ರಾಂತೆಪಾವೊ ಪೇಟೇಲಿ ಅಂಗಡಿ ಅಂಗಡಿಗೂ ಸಾಲು ನಿಂತಿವೆಯಲ್ಲ, ಪೊಂಗ್? ಅವೆಲ್ಲ ಹೆಣ ಹುಡುಕೋಕೆ ಹೊರಟಿದ್ರೆ ಪೇಟೇಲಿ ಒಂದು ನರಪಿಳ್ಳೇನೂ ಉಳೀತಿರಲಿಲ್ಲ."

"ಅವು ಗೊಂಬೆ. ಅವಕ್ಕೆ ಹಂದಿ ಕೊಟ್ಟಿಲ್ಲ. ಹೆಸರು ಕೂಗಿಲ್ಲ. ನೀವು ಕೇಳ್ತಿರೋದು ಗೊಂಬೆ ಅಲ್ಲ."

"ಗೊಂಬೆ ಕಳಿಸಿ ನೋಡಿದ್ದಾಯ್ತಲ್ಲ. ತೌತೌ ಕದ್ದು ಮಾರೋ ಕಳ್ಳರ ಕಡೆಯವನು ಉಗುರಲ್ಲಿ ಗೀರಿ, ಮೂಸಿ, ಚರಂಡಿಗೆ ಎಸೆದ. ರಕ್ತದ ವಾಸನೆ ಹಿಡಿದಿರೋ ಮರ ಬೇಕು ಅವರಿಗೆ. ನಿಜವಾದ್ದೇ ಬೇಕು."

ವೆನಾಸನ ಉಪಾಯ ಸರಳವಾಗಿತ್ತು. ಒಂದು ತೌತೌ ಮಾಡಿಸುವುದು. ಅದನ್ನು ಹೊಗೆಯಲ್ಲಿ ಕಪ್ಪಾಗಿಸಿ, 'ಕಳ್ಳರ ಭಯಕ್ಕೆ ಅಟ್ಟದ ಮೇಲೆ ಬಚ್ಚಿಟ್ಟಿದ್ದ ಮುತ್ತಾತನನ್ನು ಈಗ ಬಂಡೆಗೆ ಏರಿಸಿದ್ದಾರೆ' ಎಂದು ಕೋಣದ ಸಂತೆಯಲ್ಲಿ ಸುದ್ದಿ ಬಿಡುವುದು. ತೋಳಿನ ಸಂದಿಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟದೊಂದು ಯಂತ್ರ ಅಡಗಿಸಿಟ್ಟರೆ ಸರಕು ಎಲ್ಲಿದೆ ಎಂದು ಅದು ಫೋನಿಗೆ ತೋರಿಸುತ್ತಿರುತ್ತದೆ. ಕದ್ದವರು ಸಿಗುವುದು ದೊಡ್ಡ ಮಾತಲ್ಲ, ಅವರು ನಮ್ಮ ಬೆಟ್ಟದ ಹುಡುಗರೇ. ಸಮುದ್ರದಾಚೆಯ ಯಾವ ಗೋದಾಮಿಗೆ ನಮ್ಮ ಸತ್ತವರು ಹೋಗಿ ಸೇರುತ್ತಿದ್ದಾರೆ ಎನ್ನುವುದೇ ಅವನಿಗೆ ಬೇಕಾಗಿದ್ದದ್ದು.

ಕಣಜದ ಮೆಟ್ಟಿಲ ಮೇಲೆ ಅಡಕೆ ಕತ್ತರಿಸುತ್ತಿದ್ದ ಇಂದೊ ಬನ್ನೆ ಈಗ ಬಾಯಿ ಬಿಟ್ಟಳು. ಬನ್ನೆಯ ತಾಯಿಯಾದ್ದರಿಂದ ಇಂದೊ ಬನ್ನೆ. ಮಗಳು ಮದುವೆಯಾಗಿ ಪಾಪುವಾದಲ್ಲಿದ್ದಳು, ಮುದುಕಿ ಒಬ್ಬಳೇ. ಬಂಡೆಯ ಜಗಲಿಯಲ್ಲಿ ಅವಳ ಅವ್ವನ ತೌತೌ ಈಗಲೂ ಇದೆ. ಪಕ್ಕದಲ್ಲಿದ್ದ ಅಪ್ಪ ಸಂಪೆಯದನ್ನು ಬಹಳ ವರ್ಷದ ಹಿಂದೆ ಕದ್ದರು. ಅವ್ವ ಚಾಚಿದ ಕೈ ಅಂದಿನಿಂದ ಖಾಲಿ ಜಾಗದ ಕಡೆಗೇ ಚಾಚಿಕೊಂಡಿದೆ.

"ಪಾಕ್ ವೆನಾಸ್, ನಮ್ಮಪ್ಪ ಸಿಕ್ತಾನಾ? ಅದೊಂದು ಹೇಳಿ."

"ಗೋದಾಮು ಸಿಕ್ಕಿದ್ರೆ ಅಪ್ಪನೂ ಸಿಕ್ತಾರೆ, ಇಂದೊ. ನಾನೇ ಎತ್ಕೊಂಡು ಬಂದು ಅವ್ವನ ಪಕ್ಕ ನಿಲ್ಲಿಸ್ತೀನಿ. ಇದು ನನ್ನ ಮಾತು."

ಮುದುಕಿ ಪೊಂಗ್ ಪಲಿಂಗಿಯತ್ತ ತಿರುಗಿದಳು. "ಕೇಳಿದ್ಯಲ್ಲ? ಮಾಡಿಕೊಡು. ಹಂದಿ ನಮ್ಮ ಹಟ್ಟೀದೇ."

"ಇಂದೊ, ನಿನಗೂ ಗೊತ್ತು ಇದು ಸರಿಯಲ್ಲ ಅಂತ."

"ಅಪ್ಪನ ಜಾಗ ಖಾಲಿ ಇರೋದು ಸರೀನಾ?"

ಪೊಂಗ್ ಪಲಿಂಗಿ ಬಾಚಿಯ ಅಲಗಿನ ಮೇಲೆ ಹೆಬ್ಬೆರಳಾಡಿಸಿದ. ನಿಜ ಹೇಳಬೇಕೆಂದರೆ ಅವನ ಕೈಯೂ ತುರಿಸುತ್ತಿತ್ತು. ಈಗ ಊರಿನವರು ಸತ್ತವರ ಫೋಟೊ ಕಟ್ಟು ಹಾಕಿಸಿ ಗೋರಿಗೆ ಅಂಟಿಸುತ್ತಾರೆ, ಇಲ್ಲವೇ ಸಿಮೆಂಟಿನ ಮೂರ್ತಿ ನಿಲ್ಲಿಸುತ್ತಾರೆ. ಪ್ರವಾಸಿಗಳಿಗೆ ಸಿಗರೇಟಿನ ಬೂದಿಬಟ್ಟಲು ಕೆತ್ತಿ ಕೆತ್ತಿ ಅವನಿಗೆ ತನ್ನ ಉಳಿಯ ಮೇಲೇ ಅಸಹ್ಯ ಹುಟ್ಟಿತ್ತು. ಹಂದಿಯ ಕೂಗು ಕೇಳುತ್ತ ಆಳೆತ್ತರದ ಹಲಸಿನ ದಿಮ್ಮಿಗೆ ಬಾಚಿ ಹಾಕಿ ಎಷ್ಟು ಕಾಲವಾಗಿತ್ತೋ.

"ಶಾಪ ತಟ್ಟೋದಿದ್ರೆ ಕೊಂಡವನಿಗೆ ತಟ್ಟಲಿ," ಎಂದು ತನಗೇ ಹೇಳಿಕೊಂಡವನಂತೆ ಎದ್ದ. "ಅವನೇ ತಾನೇ ಆಸೆ ಪಟ್ಟು ತಗೊಳ್ಳೋದು."

ದಿಮ್ಮಿ ಬಂತು. ಚಕ್ಕೆ ಎದ್ದಂತೆಲ್ಲ ಹಲಸಿನ ಹಸಿ ಹಳದಿ ಕಟ್ಟೆಯ ತುಂಬ ಹರಡಿತು. ಮೈ ಆಯಿತು, ಸಂದಿಯಲ್ಲಿ ತಿರುಗುವ ತೋಳು ಆಯಿತು. ಮುಖದ ಹತ್ತಿರ ಬಂದಾಗ ಪೊಂಗ್ ಪಲಿಂಗಿ ಕೈ ಚೆಲ್ಲಿದ. ನೋಡದ ಮುಖ ಕೆತ್ತಿ ಅವನಿಗೆ ಅಭ್ಯಾಸವಿರಲಿಲ್ಲ. ಮನೆಯೊಳಗೆ ಮಲಗಿಸಿದ ಸತ್ತವರ ಪಕ್ಕ ಕೂತು, ನೋಡಿ ನೋಡಿ ಕೆತ್ತಿದವನು ಅವನು.

"ಅಷ್ಟೇನಾ?" ಎಂದ ವೆನಾಸ್. ಎದುರಿಗೆ ಬಂದು ಗಲ್ಲವೆತ್ತಿ ಕೂತ. "ನನ್ನ ನೋಡ್ಕೊಂಡು ಕೆತ್ತಿ. ಸುಕ್ಕು ನೀವೇ ಸೇರಿಸಿ. ಮೂಗು ಸ್ವಲ್ಪ ಚೂಪಾಗಿರಲಿ, ನಮ್ಮಮ್ಮ ಆ ಕೆಲಸ ಮರೆತುಬಿಟ್ಟಿದ್ದಾಳೆ."

ಕೊಯ್ಲು ಮುಗಿಸಿ ಬಂದ ಹೆಂಗಸರು ಬಾಯಿಗೆ ತಲೆಬಟ್ಟೆ ಅಡ್ಡ ಹಿಡಿದು ನಕ್ಕರು. "ಮದುವೆಗೆ ಹುಡುಗಿ ಸಿಗದೋನು ಮರದಲ್ಲಾದ್ರೂ ಚೆಂದ ಕಾಣಲಿ ಬಿಡಿ," ಎಂದಳೊಬ್ಬಳು. ಪೊಂಗ್ ಪಲಿಂಗಿ ನಗಲಿಲ್ಲ. ಅವನ ಕಣ್ಣು ವೆನಾಸನ ಮುಖಕ್ಕೂ ಮರಕ್ಕೂ ನಡುವೆ ಓಡಾಡಿತು. ಆಮೇಲಾಮೇಲೆ ಮರದ ಮೇಲೇ ನಿಂತಿತು. ಉಳಿ ತಾನಾಗಿ ಹೋಗುತ್ತಿತ್ತು. ದಪ್ಪ ಹುಬ್ಬು. ದುಂಡು ಗಲ್ಲ. ನಗು ಮುಗಿದ ಮೇಲೂ ಒಂದಿಷ್ಟು ಉಳಿದುಬಿಡುವ ಆ ಬಾಯಿಯ ಮೂಲೆ.

ಕಣ್ಣು ಕೂರಿಸುವ ದಿನ ಹಂದಿ ಬಂತು. ಬಿದಿರಿಗೆ ಕಟ್ಟಿದ ಕಪ್ಪು ಹಂದಿ ಬೆಳಗಿನಿಂದ ಕಿರುಚಿ ಕಿರುಚಿ ಗಂಟಲು ಒಡೆದುಕೊಂಡಿತ್ತು. ಒಲೆಯ ಹೊಗೆ, ಬಿದಿರಿನ ಓಟೆಯಲ್ಲಿ ಹುಳಿ ಬಂದ ಹೆಂಡ, ಸುಟ್ಟ ಕೂದಲಿನ ವಾಸನೆ. ಕತ್ತಿ ಹಿಡಿದವನು ಕಾಯುತ್ತಿದ್ದ. ಹೆಸರು ಕೂಗದೆ ಹಂದಿ ಇರಿಯುವಂತಿಲ್ಲ. ಇಂಥವರಿಗೆ ಇದು ಎಂದು ಹೇಳದೆ ಕೊಟ್ಟ ಹಂದಿ ಯಾರಿಗೂ ಸಲ್ಲುವುದಿಲ್ಲ.

"ಯಾವ್ದಾದ್ರೂ ಒಂದು ಹೆಸರು ಕೂಗಿ, ಪೊಂಗ್," ಎಂದ ವೆನಾಸ್. "ಹೊಟ್ಟೆ ಹಸೀತಿದೆ."

"ಇಲ್ಲದವರನ್ನ ಕೂಗಿದ್ರೆ ಯಾರು ಬೇಕಾದ್ರೂ ಓಗೊಡ್ತಾರೆ. ಅದು ಇನ್ನೂ ಕೆಟ್ಟದ್ದು. ಇಲ್ಲಿಗೇ ಬಿಟ್ಟುಬಿಡೋಣ, ಪಾಕ್. ಕಣ್ಣಿಲ್ಲದೆ ಹಂಗೇ ತಗೊಂಡು ಹೋಗಿ."

"ಕಣ್ಣಿಲ್ಲದ್ದನ್ನ ಯಾರು ಕದೀತಾರೆ? ನನ್ನ ಮುಖ ಕೊಟ್ಟಿಲ್ವಾ? ಹೆಸರೂ ತಗೊಳ್ಳಿ. ನಾನಂತೂ ಇಲ್ಲದವನಲ್ಲ. ಎದುರಿಗೇ ಇದ್ದೀನಿ. ಕೂಗಿ, ನಾನೇ ಓಗೊಡ್ತೀನಿ."

ಪೊಂಗ್ ಪಲಿಂಗಿ ಇಂದೊ ಬನ್ನೆಯ ಮುಖ ನೋಡಿದ. ಮುದುಕಿ ಬಂಡೆಯ ಕಡೆ ನೋಡುತ್ತಿದ್ದಳು. ಬೇಡ ಎಂದು ಅವಳು ಒಂದು ಮಾತು ಹೇಳಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಅವಳು ಹೇಳಲಿಲ್ಲ.

ಅವನು ಮರದ ಕಿವಿಯ ಹತ್ತಿರ ಬಾಗಿ ಕೂಗಿದ. "ಫ್ರೆಡಿ ವೆನಾಸ್!"

"ಓ!" ಎಂದ ವೆನಾಸ್, ಗಟ್ಟಿಯಾಗಿ, ಶಾಲೆಯ ಹಾಜರಿಗೆ ಓಗೊಡುವ ಹುಡುಗನ ಹಾಗೆ ಕೈಯೆತ್ತಿ.

ಹಂದಿಯ ಕಿರುಚಾಟ ಥಟ್ಟನೆ ನಿಂತಿತು. ಕತ್ತಿ ಇನ್ನೂ ಅದರ ಮೈಗೆ ತಾಗಿರಲಿಲ್ಲ. ಅಂಗಳದಲ್ಲಿ ಯಾರೂ ನಗಲಿಲ್ಲ. ಆಮೇಲೆ ಕತ್ತಿ ಇಳಿಯಿತು, ರಕ್ತ ಬಂತು, ಮರಕ್ಕೆ ಸವರಿದ್ದಾಯಿತು. ಕೋಣದ ಎಲುಬಿನ ಬಿಳುಪನ್ನು ಗುಳಿಯಲ್ಲಿಟ್ಟು, ನಡುವೆ ಕೊಂಬಿನ ಕಪ್ಪು ಬೊಟ್ಟು ಇರಿಸಿ ಪೊಂಗ್ ಪಲಿಂಗಿ ಹೆಬ್ಬೆರಳಲ್ಲಿ ಒತ್ತಿದ. ವೆನಾಸ್ ಕಣ್ಣುಜ್ಜಿಕೊಂಡ. ಹೊಗೆ ಎಂದುಕೊಂಡ.

ತೌತೌ ಮಳೆ ಹಿಡಿಯುವವರೆಗೂ ಇಂದೊ ಬನ್ನೆಯ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಮಲಗಿತ್ತು. ಆ ದಿನಗಳುದ್ದಕ್ಕೂ ವೆನಾಸನಿಗೆ ಕೆಮ್ಮು. ಪೇಟೆಯ ಡಾಕ್ಟರು ಧೂಳಿನ ಅಲರ್ಜಿ ಎಂದು ಮಾತ್ರೆ ಕೊಟ್ಟರು. ಉಗುಳಿದರೆ ಕಫದಲ್ಲಿ ಮಸಿ. ಅವನು ಅದನ್ನೂ ತಮಾಷೆ ಮಾಡಿದ. "ನಾನೂ ಹಳೇ ಮಾಲಾಗ್ತಿದ್ದೀನಿ, ಇಂದೊ. ಒಳ್ಳೆ ಬೆಲೆ ಬರುತ್ತೆ."

ಬಂಡೆಗೆ ಏರಿಸಿದ ಮೇಲೆ ಬಹಳ ಕಾಯಬೇಕಾಗಲಿಲ್ಲ. ಕಳ್ಳರು ಬರುವುದು ಊರು ಖಾಲಿಯಾದಾಗ, ಊರು ಖಾಲಿಯಾಗುವುದು ಪಕ್ಕದ ಕಣಿವೆಯಲ್ಲಿ ಸಾವಿನ ಹಬ್ಬ ನಡೆದಾಗ. ಇಡೀ ಊರು ಕಪ್ಪು ಬಟ್ಟೆ ತೊಟ್ಟು, ಹಂದಿ ಹೊತ್ತು ಹೊರಟಿತು. ವೆನಾಸನೂ ಹೊರಟ. ನಡುಮಧ್ಯಾಹ್ನ. ನೆತ್ತಿಯ ಮೇಲೆ ಬಿಸಿಲು. ಬಿದಿರಿನ ಚಪ್ಪರದಲ್ಲಿ ಚಾಪೆಯ ಮೇಲೆ ಕೂತು ಓಟೆಯಲ್ಲಿ ಬೇಯಿಸಿದ ಮಾಂಸ ತಿನ್ನುತ್ತಿದ್ದ.

ಎಡತೋಳನ್ನು ಯಾರೋ ಹಿಂದಿನಿಂದ ಹಿಡಿದೆಳೆದರು. ತಿರುಗಿ ನೋಡಿದ. ಯಾರೂ ಇರಲಿಲ್ಲ. ಭುಜದ ಸಂದಿಯಲ್ಲಿ ಲಟಕ್ಕೆಂದಿತು. ಕೈಯಿಂದ ತುತ್ತು ಬಿತ್ತು. ಆಮೇಲೆ ಬಲತೋಳು. ಅವನು ಬಾಯಿ ತೆರೆದ. ಬಾಯೊಳಗೆ ಗೋಣಿಯ ನಾರು. ಮೂಗಿನಲ್ಲಿ ಪೆಟ್ರೋಲು, ಹಳೆಯ ಮೀನು. ಬೆಳಕು ಆರಿತು.

ಮೈಯ ಮೇಲೆ ಬಿಸಿಲು ಸುಡುತ್ತಲೇ ಇತ್ತು. ಕೋಣಗಳು ಗುಟುರು ಹಾಕುವುದು ಕೇಳುತ್ತಿತ್ತು. ಕಣ್ಣು ತೆರೆದೇ ಇತ್ತು. ಕಾಣುತ್ತಿದ್ದದ್ದು ಮಾತ್ರ ಕತ್ತಲೆ, ಗೋಣಿಯ ನೇಯ್ಗೆಯಲ್ಲಿ ಸೂಜಿ ಚುಚ್ಚಿದಷ್ಟು ಬೆಳಕು.

"ತಗೊಂಡ್ರು," ಎಂದ ಅವನು, ಪಕ್ಕದಲ್ಲಿದ್ದ ಇಂದೊ ಬನ್ನೆಗೆ. "ಈಗ್ತಾನೇ ತಗೊಂಡ್ರು, ಇಂದೊ. ನನ್ನ ತಲೆಕೆಳಗಾಗಿ ಹಿಡ್ಕೊಂಡಿದ್ದಾರೆ."

ಮುದುಕಿ ಅವನ ತಟ್ಟೆ ಸರಿಸಿ, ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು. ಬಂಡೆಯ ನೆರಳಿನಷ್ಟು ತಣ್ಣಗೆ.

ಫೋನಿನಲ್ಲಿ ಚುಕ್ಕೆ ಚಲಿಸುತ್ತಿತ್ತು. ಬೆಟ್ಟ ಇಳಿಯಿತು, ಕರಾವಳಿ ಹಿಡಿಯಿತು, ಮಕಾಸ್ಸರಿನ ಬಂದರಿನಲ್ಲಿ ನಿಂತಿತು. ವೆನಾಸ್ ಚೇತರಿಸಿಕೊಂಡಿದ್ದ. ಬಿಸಿಲಿಗೆ ತಲೆ ತಿರುಗಿದ್ದು ಎಂದು ಎಲ್ಲರಿಗೂ ಹೇಳಿದ. ಆದರೆ ಚುಕ್ಕೆ ಎಲ್ಲಿ ತಿರುಗುತ್ತದೆಂದು ಅವನಿಗೆ ಫೋನು ನೋಡುವ ಮೊದಲೇ ಗೊತ್ತಾಗುತ್ತಿತ್ತು. ದಿನಕ್ಕೊಮ್ಮೆ ಬರುತ್ತಿದ್ದ ಕತ್ತಲೆ ದಿನಕ್ಕೆ ಹಲವು ಸಲ ಬರತೊಡಗಿತು. ಕಾಫಿ ಕುಡಿಯುತ್ತಿರುವಾಗ, ಅಂಗಳ ದಾಟುವಾಗ. ಬಂದಾಗಲೆಲ್ಲ ಹಿಂದಿನ ಸಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಮರದ ಪೆಟ್ಟಿಗೆಯ ಹೊಸ ಹಲಗೆಯ ವಾಸನೆ. ಮುಖಕ್ಕೆ ತಾಗುವ ಹೊಟ್ಟು. ಮೊಳೆ ಹೊಡೆವ ಸದ್ದು, ಒಂದೊಂದೂ ಹಲ್ಲಿನ ಬೇರಿಗೆ ಇಳಿಯುವಂತೆ. ಆಮೇಲೆ ತೂಗಾಟ. ಕಬ್ಬಿಣ, ಡೀಸೆಲು, ಉಪ್ಪು.

ಚುಕ್ಕೆ ನಡುಸಮುದ್ರದಲ್ಲಿ ಆರಿಹೋಯಿತು. ಯಂತ್ರ ಸತ್ತಿತ್ತು.

"ಬಿಟ್ಟುಬಿಡು," ಎಂದರು ಮಕಾಸ್ಸರಿನಿಂದ ಮೇಲಧಿಕಾರಿ, ಫೋನಿನಲ್ಲಿ. "ಇನ್ನೊಂದು ಮಾಡಿಸಿದ್ರಾಯ್ತು."

"ಸರ್, ಅದು ಎಲ್ಲಿದೆ ಅಂತ ನಾನು ಹೇಳ್ತೀನಿ. ಇಳಿಸ್ತಿದ್ದಾರೆ. ತುಂಬ ಚಳಿ. ನೆಲದ ಮೇಲೆ ಗಾಲಿ ಉರುಳ್ತಿದೆ. ಗೋಡೆಯಾಚೆ ರೈಲು ಹೋಗುತ್ತೆ, ಗಂಟೆ ಬಾರಿಸ್ಕೊಂಡು."

"ಕುಡಿದಿದ್ದೀಯೇನೋ?"

ಪೊಂಗ್ ಪಲಿಂಗಿ ಈಗ ಅವನ ಹತ್ತಿರ ಬರುತ್ತಿರಲಿಲ್ಲ. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಬದುವಿನಿಂದ ಇಳಿದು ಹೋಗುತ್ತಿದ್ದ. ಒಂದು ಸಂಜೆ ವೆನಾಸ್ ಅವನನ್ನು ಅಡ್ಡಗಟ್ಟಿದ. ಕಾಲು ಎಳೆಯುತ್ತಿತ್ತು, ಮೊಣಕೈ ಅರ್ಧ ಮಡಿಸಿದ್ದು ಮಡಿಸಿದ ಹಾಗೇ ಇತ್ತು.

"ಬಿಡಿಸೋದು ಹೇಗೆ ಹೇಳಿ, ಪೊಂಗ್."

"ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋದಕ್ಕೆ ಮರ ಎದುರಿಗಿರಬೇಕು, ಪಾಕ್. ಮರ ಎಲ್ಲಿ?"

"ತರಿಸ್ತೀನಿ."

"ತರಿಸಿ." ಪೊಂಗ್ ಪಲಿಂಗಿ ತನ್ನ ಅಂಗೈ ನೋಡಿಕೊಂಡ. "ಬೇಗ ತರಿಸಿ. ಕೊಂಡವನಿಗೆ ತಟ್ಟುತ್ತೆ ಅಂದ್ಕೊಂಡಿದ್ದೆ ನಾನು. ಪಾಪಿ ನಾನು. ನನ್ನ ಕೈ ಅಷ್ಟು ಚೆನ್ನಾಗಿ ಕೆತ್ತಬಾರದಿತ್ತು."

ಆ ವಾರವೇ ಕತ್ತಲೆಯಲ್ಲಿ ಮಾತು ಕೇಳಿಸಿತು.

ಮಟಮಟ ಮಧ್ಯಾಹ್ನ. ಇಂದೊ ಬನ್ನೆಯ ಮನೆಯ ಹೊಸಿಲ ಮೇಲೆ ಕೂತಿದ್ದ. ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದರು. ಬೆಳಕು ಹೋಯಿತು. ಪೆಟ್ಟಿಗೆ. ಹೊಟ್ಟು. ಚಳಿ. ಹಲಗೆಯ ಆಚೆ, ಕಿವಿಯ ಪಕ್ಕದಲ್ಲೇ, ಯಾರೋ ಗಂಟಲು ಸರಿಮಾಡಿಕೊಂಡರು.

"ಯಾರ ಮನೆಯವನಪ್ಪಾ ನೀನು?"

ನಮ್ಮ ಬೆಟ್ಟದ ಭಾಷೆ. ವೆನಾಸನಿಗೆ ಅದರಲ್ಲಿ ನಾಲ್ಕು ಮಾತೂ ಬರುತ್ತಿರಲಿಲ್ಲ. ಈಗ ಪ್ರತಿ ಅಕ್ಷರವೂ ತಿಳಿಯಿತು.

"ಹೊಸ ಮರದ ವಾಸನೆ ನಿನ್ನದು," ಎಂದಿತು ಆ ದನಿ. "ನಮ್ಮ ಕಡೆ ಮಳೆ ಆಯ್ತಾ? ನನ್ನ ಕೈ ಕಿತ್ತು ಪಕ್ಕಕ್ಕೆ ಇಟ್ಟಿದ್ದಾರೆ. ಬೆನ್ನು ತುರಿಸುತ್ತೆ. ಗೊದಮೊಟ್ಟೆಗೆ ಹೇಳು. ಜೋಳದ ದಿಂಡು ತಗೊಂಡು ಬಾ ಅಂತ ಹೇಳು."

ಬೆಳಕು ಬಂದಾಗ ವೆನಾಸ್ ಹೊಸಿಲ ಮೇಲೆ ಅಡ್ಡ ಬಿದ್ದಿದ್ದ. ಇಂದೊ ಬನ್ನೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಇಂದೊ... ಗೊದಮೊಟ್ಟೆ ಯಾರು?"

ಮುದುಕಿಯ ಕೈ ಅವನ ಕೂದಲಿನಲ್ಲಿ ನಿಂತುಬಿಟ್ಟಿತು. ಆ ಹೆಸರು ಬಲ್ಲವರು ಬದುಕಿದ್ದವರಲ್ಲಿ ಅವಳ ಹೊರತು ಯಾರೂ ಇರಲಿಲ್ಲ. ಗದ್ದೆಯ ನೀರು ಬಿಟ್ಟು ಬರಲೊಲ್ಲದ ಪುಟ್ಟ ಹುಡುಗಿಗೆ ಅಪ್ಪ ಇಟ್ಟದ್ದು. ಸಂಜೆ ಅಪ್ಪ ಬೋರಲಾಗಿ ಮಲಗಿದರೆ, ಜೋಳದ ದಿಂಡಿನಿಂದ ಬೆನ್ನು ಕೆರೆಯುವುದು ಅವಳ ಕೆಲಸ.

ಅವಳು ಅಳಲಿಲ್ಲ. ಬಾಗಿ ಕೇಳಿದಳು, ಪಿಸುದನಿಯಲ್ಲಿ. "ಚೆನ್ನಾಗಿದ್ದಾನಾ?"

"ಕತ್ತಲೇಲಿದ್ದಾರೆ, ಇಂದೊ."

ಆಮೇಲೆ ವೆನಾಸ್ ಹುಚ್ಚನಂತಾದ. ಕಾಗದದ ಮೇಲೆ ಕಾಗದ, ಫೋನಿನ ಮೇಲೆ ಫೋನು. ಚಳಿ ಗೋದಾಮು, ಪಕ್ಕದಲ್ಲಿ ಗಂಟೆ ಬಾರಿಸುವ ರೈಲು, ಆ ದಿನ ಸಮುದ್ರ ದಾಟಿದ ಹಡಗು. ಇಷ್ಟನ್ನೇ ಹಿಡಿದು ಬೇಡಿ, ಬೈದು, ಕಾಲು ಹಿಡಿದು, ಕೊನೆಗೂ ಹಡಗು ಸೇರಿದ ದೇಶದ ಸುಂಕದವರನ್ನು ಹುಡುಕಲು ಒಪ್ಪಿಸಿದ. ಅವರು ಹುಡುಕಿದರು. ಗೋದಾಮು ಸಿಕ್ಕಿತು. ಹಡಗಿನ ದಾಖಲೆಯಲ್ಲಿದ್ದ ಪೆಟ್ಟಿಗೆಯೂ ಸಿಕ್ಕಿತು. ಅದೊಂದನ್ನು ತೆರೆಯಲು ಅಪ್ಪಣೆ ಸಿಕ್ಕಿತು. ಅದೊಂದನ್ನು ಮಾತ್ರ.

"ಪಕ್ಕದ್ದೂ ತೆರೀಬೇಕು, ಸರ್. ಎಡಗಡೆದು. ಅದರಲ್ಲಿ ಸಂಪೆ ಇದ್ದಾರೆ."

"ಸಾಕ್ಷಿ ಏನು?"

"ನನ್ನ ಹತ್ರ ಮಾತಾಡಿದ್ರು."

ಮೇಲಧಿಕಾರಿ ಫೋನು ಇಟ್ಟರು.

ತೆರೆಯುವ ದಿನ ವೆನಾಸ್ ಇಂದೊ ಬನ್ನೆಯ ಮನೆಯ ತೆಂಕಣ ಕೋಣೆಯಲ್ಲಿ ಚಾಪೆಯ ಮೇಲಿದ್ದ. ಎದ್ದು ಓಡಾಡುವ ಶಕ್ತಿ ಉಳಿದಿರಲಿಲ್ಲ. ಹೊರಗೆ ಬಿಳಿ ಬಿಸಿಲು. ಪೊಂಗ್ ಪಲಿಂಗಿ ಬಾಗಿಲಲ್ಲಿ ನಿಂತಿದ್ದ. ಇಂದೊ ಬನ್ನೆ ವೆನಾಸನ ಕೈ ಹಿಡಿದಿದ್ದಳು. ಕತ್ತಲೆ ಬಂತು. ಅವನು ಅದಕ್ಕೇ ಕಾಯುತ್ತಿದ್ದ.

ಹೆಜ್ಜೆ. ಹಲವು ಹೆಜ್ಜೆ. ಸನ್ನೆಕೋಲು ಹಲಗೆಗೆ ಬಿತ್ತು. ಮೊಳೆ ಕಿರುಗುಟ್ಟಿತು. ಒಂದು ಎದ್ದಿತು. ಇನ್ನೊಂದು. ಬೆಳಕು! ಹಾಲಿನಂಥ ಬೆಳಕು. ಕಣ್ಣಿಗೆ ಇರಿಯಿತು. ಮುಚ್ಚಲು ರೆಪ್ಪೆಯಿಲ್ಲ. ಬಾಗಿದ ಮುಖ. ಒಬ್ಬ ಹೆಂಗಸು. ಕೈಗೆ ಬಿಳಿ ಕೈಗವಸು. ಅವಳ ಉಸಿರಿನಲ್ಲಿ ಪುದೀನ. ಅವನು ಕೂಗಿದ. ಇಲ್ಲಿದ್ದೀನಿ. ನಾನು ಇಲ್ಲಿದ್ದೀನಿ. ಎಡಗಡೆ. ಎಡಗಡೆ ಪೆಟ್ಟಿಗೆ. ಅವಳು ಕಣ್ಣಿನ ಮೇಲೆ ಬೆರಳಾಡಿಸಿದಳು. ಮರ ಕೂಗುವುದಿಲ್ಲ. ಅವಳು ತೋಳು ತಿರುಗಿಸಿದಳು. ಸತ್ತ ಯಂತ್ರ ನೆಲಕ್ಕೆ ಬಿತ್ತು. ಯಾರೋ ನಕ್ಕರು. ಬೆನ್ನಿನಲ್ಲಿ ಉಕ್ಕಿನ ಸೂಜಿ. ಇಳಿಯಿತು. ಆಳಕ್ಕೆ ಇಳಿಯಿತು. ತಿರುಗಿತು. ಒಂದು ಎಳೆ ಮರ ಕಿತ್ತುಕೊಂಡು ಹೊರಬಂತು. ಒಳಗೆ ಹಳದಿ. ಹಸಿ ಹಳದಿ. ಅವಳು ಅದನ್ನು ಬೆಳಕಿಗೆ ಹಿಡಿದಳು. ತಲೆಯಾಡಿಸಿದಳು. ಹೊಸದು ಎಂದಳು. ಅವನಿಗೆ ಆ ಭಾಷೆಯೂ ತಿಳಿಯಿತು. ಹೊಸ ಮರ. ಕರಕುಶಲ ವಸ್ತು. ಮಾರಬಹುದು, ಕೊಳ್ಳಬಹುದು. ತಪ್ಪಿಲ್ಲ. ಬೇಡ, ಮುಚ್ಚಬೇಡಿ. ಅಮ್ಮಾ, ಮುಚ್ಚಬೇಡಿ. ಹಲಗೆ ಬಂತು. ಬೆಳಕು ಬಾಗಿಲಷ್ಟಾಯಿತು. ಗೆರೆಯಷ್ಟಾಯಿತು. ಮೊಳೆ. ಮೊಳೆ. ಮೊಳೆ.

ಚಾಪೆಯ ಮೇಲಿದ್ದ ಅವನ ಬೆನ್ನು ಬಿಲ್ಲಿನಂತೆ ಎದ್ದು ಬಿತ್ತು. ಬೆನ್ನ ಕೆಳಗೆ ಸೂಜಿ ಹೊಕ್ಕಷ್ಟೇ ತೂತು. ರಕ್ತ ಬರಲಿಲ್ಲ. ತೂತಿನ ಬಾಯಿಗೆ ಒಂದು ಚಿಟಿಕೆ ಹಳದಿ ಪುಡಿ ಅಂಟಿತ್ತು. ಪೊಂಗ್ ಪಲಿಂಗಿ ಅದನ್ನು ಬೆರಳಿಗೆ ತೆಗೆದುಕೊಂಡು ಮೂಸಿದ. ನಲವತ್ತು ವರ್ಷ ಮೂಸಿದ ವಾಸನೆ. ಅವನು ಹೊರಗೆ ಹೋಗಿ ಅಂಗಳದ ಮಣ್ಣಿಗೆ ಬೆರಳು ತಿಕ್ಕಿದ.

ವೆನಾಸ್ ಮತ್ತೆ ಒಂದೇ ಸಲ ಮಾತಾಡಿದ. ಆ ಸಂಜೆ, ತುಟಿ ಅಲ್ಲಾಡಿಸದೆ. "ತೆರೆದ್ರು, ಇಂದೊ. ಹೊಸದು ಅಂದ್ರು. ಮುಚ್ಚಿದ್ರು. ಇನ್ನು ತೆರೆಯಲ್ಲ." ಸ್ವಲ್ಪ ತಡೆದು ಹೇಳಿದ. "ಅಪ್ಪ ಕೇಳ್ತಿದ್ದಾರೆ, ಬೆಳಕು ಬಂತಲ್ಲ, ನಮ್ಮೋರಾ ಅಂತ. ಏನು ಹೇಳಲಿ?"

ಮನಾಡೊದಿಂದ ಅಣ್ಣ ಬಂದ. ಅತ್ತ. ಆಸ್ಪತ್ರೆಗೆ ಸಾಗಿಸಿದ. ಮನೆ ದೂರವಾದಷ್ಟೂ ಉಸಿರು ಇಳಿಯುತ್ತ ಹೋಗಿ, ಘಾಟಿಯ ತಿರುವಿನಲ್ಲಿ ನಿಂತೇಹೋಯಿತಂತೆ. ಗಾಡಿ ತಿರುಗಿಸಿದ ಮೇಲೆ ಮತ್ತೆ ಬಂತಂತೆ. ತಂದು ಅದೇ ಕೋಣೆಯಲ್ಲಿ ಮಲಗಿಸಿದರು. ಅಣ್ಣ ಕೆಲವು ದಿನ ಇದ್ದು, ಇಂದೊ ಬನ್ನೆಯ ಕಾಲಿಗೆ ಬಿದ್ದು ಹೋದ. ಕಚೇರಿಯವರು, ಸರಕಾರದ ಹಣದಲ್ಲಿ ಖೋಟಾ ವಸ್ತು ಮಾಡಿಸಿದ ಎಂದು ವೆನಾಸನ ಹೆಸರು ತೆಗೆದುಹಾಕಿದರು.

ನಮ್ಮಲ್ಲಿ ಮನೆಯೊಳಗೆ ಮಲಗಿಸಿಟ್ಟವರನ್ನು ಸತ್ತವರು ಎನ್ನುವುದಿಲ್ಲ. ಸಾವಿನ ಹಬ್ಬ ಆಗುವ ತನಕ ಅವರು ಕಾಯಿಲೆಯವರು. ಊಟಕ್ಕಿಡುತ್ತೇವೆ, ಕಾಫಿ ಇಡುತ್ತೇವೆ, ಮಾತಾಡಿಸುತ್ತೇವೆ. ಹಾಗಾಗಿ ವೆನಾಸನನ್ನು ಯಾರಾದರೂ ಕೇಳಿದರೆ ಊರಿನವರು ಹೇಳುವುದಕ್ಕೆ ತಡವರಿಸಲಿಲ್ಲ: "ಪಾಕ್‌ಗೆ ಸ್ವಲ್ಪ ಮೈ ಸರಿಯಿಲ್ಲ." ಅವನಿಗೆ ಹಬ್ಬ ಮಾಡುವಂತಿಲ್ಲ, ಉಸಿರಿದೆ. ಎಬ್ಬಿಸುವಂತಿಲ್ಲ, ಮರ ಇಲ್ಲಿಲ್ಲ. ರೆಪ್ಪೆ ಮುಚ್ಚದ ಕಣ್ಣು ಸೂರು ನೋಡುತ್ತಿರುತ್ತದೆ. ಕೈಗಳೆರಡೂ ಅರ್ಧಕ್ಕೆ ಎದ್ದು ನಿಂತಿವೆ, ಒಂದರ ಅಂಗೈ ಮೇಲಕ್ಕೆ. ಎಷ್ಟು ಒತ್ತಿದರೂ ಕೆಳಗಿಳಿಯುವುದಿಲ್ಲ.

ನಾಟಿಯ ಕಾಲ ಬಂತು. ಗದ್ದೆಗಳಲ್ಲಿ ನೀರು ತುಂಬಿ ಆಕಾಶ ಕೆಳಗಿಳಿದಂತೆ ಕಾಣುತ್ತಿದ್ದ ಒಂದು ಬೆಳಗ್ಗೆ, ಇಂದೊ ಬನ್ನೆ ಕೆಸರುಗಾಲಿನಲ್ಲೇ ಪೊಂಗ್ ಪಲಿಂಗಿಯ ಅಂಗಳಕ್ಕೆ ಬಂದಳು. ಹಿಂದೆ ಇಬ್ಬರು ಹೊತ್ತು ತಂದ ಹಲಸಿನ ದಿಮ್ಮಿ.

"ಕೂತ್ಕೊ, ಇಂದೊ. ಯಾರಿಗೆ ಇದು?"

"ನನಗೆ."

ಪೊಂಗ್ ಪಲಿಂಗಿ ಕೈಯಲ್ಲಿದ್ದ ಬಾಚಿಯನ್ನು ನೆಲಕ್ಕಿಟ್ಟ. "ನೀನು ಬದುಕಿದ್ದೀಯ."

"ಅವನೂ ಬದುಕಿದ್ದ."

"ನಾನು ಮಾಡಲ್ಲ. ಒಂದು ಪಾಪ ಸಾಕು ನನಗೆ."

"ಕೇಳು ಇಲ್ಲಿ." ಮುದುಕಿ ದಿಮ್ಮಿಯ ಮೇಲೆ ಕೂತು ಕಾಲಿನ ಕೆಸರು ಒರೆಸಿಕೊಂಡಳು. "ಅವರನ್ನ ಇಲ್ಲಿಗೆ ತರೋ ದಾರಿ ಇಲ್ಲ. ದೊಡ್ಡ ದೊಡ್ಡವರೆಲ್ಲ ನೋಡಿ ಆಯ್ತು. ಕಳ್ಳರಿಗೆ ಮಾತ್ರ ದಾರಿ ಗೊತ್ತು. ಬಂಡೆ ಮೇಲೆ ನಿಲ್ಲಿಸು, ಅವರೇ ಕರ್ಕೊಂಡು ಹೋಗ್ತಾರೆ. ಅದೇ ಗೋದಾಮು, ಅದೇ ಕತ್ತಲೆ."

"ಬೇರೆ ಕಡೆಗೆ ಹೋದ್ರೆ? ಬೇರೆ ದೇಶಕ್ಕೆ ಮಾರಿದ್ರೆ?"

ಇಂದೊ ಬನ್ನೆ ಅದನ್ನೂ ಯೋಚಿಸಿದ್ದಳು ಎಂದು ಅವಳ ಮುಖ ಹೇಳುತ್ತಿತ್ತು.

"ಹೋದ್ರೆ ಹೋಗ್ಲಿ. ಮನೇಲಿ ಕೂತು ಕಾದಿದ್ದಕ್ಕಿಂತ ಹತ್ತಿರ ಆಗುತ್ತಲ್ಲ."

"ಆ ಕಾಯಿಲೆಯವನ ಗತಿ?"

"ಬನ್ನೆಗೆ ಬರೋಕೆ ಹೇಳಿ ಕಳಿಸಿದ್ದೀನಿ. ಒಬ್ಬರಿಗೆ ಇಡೋ ಅನ್ನ ಇಬ್ಬರಿಗೆ ಇಡ್ತಾಳೆ." ಮುದುಕಿ ತಲೆಯ ಬಟ್ಟೆ ಬಿಚ್ಚಿ ಬಿಳಿ ಕೂದಲು ಹಿಂದಕ್ಕೆ ಸರಿಸಿದಳು, ಹಣೆ ಪೂರ್ತಿ ಕಾಣುವಂತೆ. "ಅವತ್ತು ಹಂದಿ ಹತ್ರ ನೀನು ನನ್ನ ಮುಖ ನೋಡ್ದೆ. ನಾನು ಬಾಯಿ ಬಿಡ್ಲಿಲ್ಲ. ಅಪ್ಪನ ಆಸೆಗೆ ಪರರ ಮಗನ್ನ ಕತ್ತಲೆ ಪಾಲು ಮಾಡ್ದೆ. ಅದನ್ನ ಇನ್ಯಾವುದರಲ್ಲಿ ತೀರಿಸಲಿ ಹೇಳು?"

ಗದ್ದೆಯ ಕಡೆಯಿಂದ ನಾಟಿ ಹಾಕುವವರ ಮಾತು, ನಗೆ, ಕೋಣ ಅಟ್ಟುವ ಸದ್ದು ತೇಲಿ ಬರುತ್ತಿತ್ತು. ಪೊಂಗ್ ಪಲಿಂಗಿ ಬಹಳ ಹೊತ್ತು ಅವಳ ಮುಖ ನೋಡಿದ. ಮೊದಲು ಬೇಡವೆಂದು ನೋಡಿದ. ಆಮೇಲೆ ಬಡಗಿ ನೋಡುವ ಹಾಗೆ ನೋಡಿದ.

"ಬಾಯಿ ಸ್ವಲ್ಪ ತೆರೆದಿರಲಿ," ಎಂದಳು ಇಂದೊ ಬನ್ನೆ. "ಮಾತಾಡೋದು ಬೇಕಾದಷ್ಟಿದೆ."

ಅವನು ಬಾಚಿ ಎತ್ತಿಕೊಂಡ.